ಹಲ್ಲಿನ ಭೇದಿ

ನನಗೆ ಓರಗಿತ್ತಿಯ ಮೇಲೆ ಹೊಟ್ಟೆಕಿಚ್ಚಿತ್ತು. ಮುಚ್ಚಿಡುವುದೇನು? ಕ್ಯಾತನಹಳ್ಳಿಯ ಒಂದೇ ಮನೆಗೆ ಇಬ್ಬರೂ ಸೊಸೆಯರು. ನನ್ನ ಮಗಳಿಗೆ ಒಂದೂವರೆ ವರ್ಷವಾದರೂ ಎತ್ತಿಕೊಂಡವರೆಲ್ಲ ‘ಇದೇನವ್ವ, ಕಡ್ಡಿ ಅಂಗವ್ಳೆ’ ಎನ್ನುತ್ತಿದ್ದರು. ಅವಳ ಮಗ ಮೂರು ತಿಂಗಳಿಗೇ ಗುಂಡುಗುಂಡಗೆ, ತೊಡೆಯಲ್ಲಿ ಮಡಿಕೆ ಮೇಲೆ ಮಡಿಕೆ. ಅತ್ತೆ ಅವನಿಗೆ ಎಣ್ಣೆ ತೀಡುತ್ತಾ ಮುದ್ದಾಡುವುದು ಕೇಳಿದರೆ ಪಾತ್ರೆಗಳನ್ನೆಲ್ಲ ಕುಕ್ಕಬೇಕು ಅನ್ನಿಸುತ್ತಿತ್ತು. ಕುಕ್ಕುತ್ತಲೂ ಇದ್ದೆ.

ಆ ಚಳಿಗಾಲದಲ್ಲಿ ನನ್ನ ಮಗಳಿಗೆ ವಾಂತಿ ಶುರುವಾಯಿತು. ಮಾರನೆಯ ದಿನ ನೀರಿನಂಥ ಭೇದಿ. ಮನೆಯವರಿಗೆ ಹೇಳಿದರೆ ‘ನಿನ್ ಮಗೀಗೆ ಯಾವಾಗ್ಲೂ ಒಂದಲ್ಲ ಒಂದು’ ಅನ್ನುತ್ತಾರೆ. ಓರಗಿತ್ತಿ ಕನಿಕರಪಟ್ಟರಂತೂ ನನಗೆ ತಡೆಯಲಾಗದು. ಹಲ್ಲು ಬರುತ್ತಿದೆ, ಅದಕ್ಕೇ ಸ್ವಲ್ಪ ಭೇದಿ ಎಂದುಬಿಟ್ಟೆ. ಎಷ್ಟು ಸಲ ಎಂಬುದನ್ನು ಬಾಯಿಬಿಡಲಿಲ್ಲ. ಬಟ್ಟೆಗಳನ್ನು ಬಚ್ಚಲಲ್ಲಿ ಕದ್ದು ಜಾಲಿಸಿ ಹಿತ್ತಲಲ್ಲಿ ಹರವುತ್ತಿದ್ದೆ.

ಹೀಗೆ ಜಾಲಿಸುತ್ತಿರುವಾಗ ಒಮ್ಮೆ ಅವಳ ಮಗ ಅಳತೊಡಗಿದ. ಅವಳು ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದಳು. ಅತ್ತೆ ಎತ್ತಿ ಆಡಿಸಿದರೂ ಅಳು ನಿಲ್ಲಲಿಲ್ಲ. ನಾನು ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು ಎತ್ತಿಕೊಂಡೆ. ಬೆರಳನ್ನು ಬಾಯಿಗಿಟ್ಟೆ. ಚೀಪುತ್ತಾ ಸುಮ್ಮನಾದ.

‘ನೋಡಿ ಅತ್ತೆ, ನನ್ ತಾವ್ ಬಂದ್ರೆ ಎಂಗ್ ಸುಮ್ಕಾಯ್ತಾನೆ!’ ಎಂದೆ. ಗೆದ್ದಷ್ಟು ಖುಷಿಯಾಗಿತ್ತು.

ಅದಾದ ಮೂರನೆಯ ದಿನ ಅವನು ಕುಡಿದ ಹಾಲನ್ನೆಲ್ಲ ಕಕ್ಕಿದ. ಸಂಜೆಯೊಳಗೆ ಭೇದಿಯಾಗಿ ನೆತ್ತಿ ಗುಳಿಬಿದ್ದಿತ್ತು. ಅತ್ತರೂ ಕಣ್ಣೀರಿಲ್ಲ. ಅತ್ತೆ ಉಪ್ಪು, ಮೆಣಸಿನಕಾಯಿ ನಿವಾಳಿಸಿ ‘ಯಾವ ಪಾಪಿ ಕಣ್ಣು ಬಿತ್ತೋ’ ಎಂದರು. ಆ ಕಣ್ಣು ನನ್ನದೇ ಎಂದು ನಂಬಿಬಿಟ್ಟೆ.

ಪಾಂಡವಪುರದ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದ ನರ್ಸು ಕೇಳಿದರು: ‘ಮನೇಲಿ ಬೇರೆ ಮಗೂಗೆ ಭೇದಿ ಆಗಿತ್ತಾ?’

‘ಇಲ್ಲ ಕಣವ್ವ. ಇವ್ಳ ಮಗೀಗೆ ಅಲ್ಲು ಬತ್ತಾವೆ, ಅಷ್ಟೆ. ಇದು ದೃಷ್ಟಿ’ ಎಂದರು ಅತ್ತೆ.

ಸೂಜಿ ಚುಚ್ಚಿದ್ದ ಆ ಪುಟ್ಟ ಕೈ ನೋಡಿ ನನಗೆ ತಡೆಯಲಾಗಲಿಲ್ಲ. ‘ಆಗಿತ್ತು. ದಿನಕ್ಕೆ ಎಂಟತ್ತು ಸಲ’ ಎಂದೆ.

‘ಹಾಗಾದ್ರೆ ಹಲ್ಲೂ ಅಲ್ಲ, ದೃಷ್ಟೀನೂ ಅಲ್ಲ. ರೋಟಾ ಅಂತ ವೈರಸ್ಸು ಇರ್ಬೇಕು. ಭೇದಿ ಬಟ್ಟೆ ಮುಟ್ಟಿದ ಕೈಯ ಸೋಪಾಕಿ ತೊಳೀದೆ ಮಗೂನ ಮುಟ್ಟಿದ್ರೆ ಸಾಕು, ಅಂಟ್ಕೊಳ್ತದೆ. ಇವ್ನಿಗೆ ಎರಡು ಸಲ ಅದರ ಲಸಿಕೆ ಹನಿ ಹಾಕ್ಸಿದ್ದು ಒಳ್ಳೇದಾಯ್ತು.’

ಹನಿ ಹಾಕಿಸಿದ್ದು ಓರಗಿತ್ತಿ; ದಿನ ತಪ್ಪಿಸದೆ ಹೋಗುತ್ತಿದ್ದಳು. ನಾನು ಮಗಳಿಗೆ ಒಂದೇ ಸಲ ಹಾಕಿಸಿ ಬಿಟ್ಟಿದ್ದೆ. ಅವಳು ನನ್ನನ್ನು ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ಎರಡು ದಿನಕ್ಕೆ ಮಗು ಮತ್ತೆ ಹಾಲು ಕುಡಿಯತೊಡಗಿತು. ನಾನು ನಲ್ಲಿಯಲ್ಲಿ ಮೊಣಕೈವರೆಗೂ ಸೋಪು ಹಚ್ಚಿ ತೊಳೆದು ಬಂದು ಕೈಚಾಚಿದೆ.

‘ಕೊಡು, ಎತ್ಕೊತೀನಿ. ನೀನು ಉಣ್ಣೋಗು.’

‘ಇರ್ಲಿ ಬುಡಿ ಅಕ್ಕ’ ಎಂದು ಅವಳು ಮಗುವನ್ನು ಅತ್ತೆಯ ಮಡಿಲಲ್ಲಿ ಮಲಗಿಸಿ ಹೋದಳು. ಅಂದು ನನಗೆ ಅತ್ತೆಯ ಮೇಲೂ ಹೊಟ್ಟೆಕಿಚ್ಚಾಯಿತು.