ಮೇಲಿನ ಒಂದು ಹಿಡಿ

ನಮ್ಮ ಅತ್ತೆಗೆ ಯಾರ ಭಯವೂ ಇಲ್ಲ. ಐನಾಪುರದ ನಮ್ಮ ತೋಟಕ್ಕೆ ದ್ರಾಕ್ಷಿ ಕೊಳ್ಳಲು ಬರುವ ಸಾಂಗಲಿಯ ದಲಾಲರು ಕೂಡ ಅವರ ಮುಂದೆ ಮೆತ್ತಗಿನ ಮರಾಠಿ ಮಾತನಾಡುತ್ತಾರೆ. ಇಂಥವರು ಎಲ್ಲೋ ದೂರದ ಗೋದಾಮಿನ ತೂಕದ ಯಂತ್ರಕ್ಕೆ ಅಂಜಿಯಾರು ಎಂದು ನಾನು ನಂಬಿದ್ದೇ ತಪ್ಪು.

ಆನ್‌ಲೈನ್ ಅಂಗಡಿ ತೆರೆದವಳು ನಾನು. ತೋಟ ಮಾವನ ಹೆಸರಿನಲ್ಲಿ, ಟ್ರ್ಯಾಕ್ಟರ್ ಗಂಡನ ಹೆಸರಿನಲ್ಲಿ, ನನ್ನ ಹೆಸರಿನಲ್ಲಿ ಇದ್ದದ್ದು ಆಧಾರ್ ಕಾರ್ಡು ಮಾತ್ರ. ನಮ್ಮ ಒಣದ್ರಾಕ್ಷಿಯಲ್ಲಿ ಒಂದಿಷ್ಟನ್ನು ಅರ್ಧ ಕಿಲೋ ಪಾಕೀಟು ಮಾಡಿ ಮೊಬೈಲಿನಲ್ಲಿ ಮಾರುತ್ತೇನೆ ಎಂದಾಗ ಗಂಡ ನಕ್ಕರು. ಮೊದಲ ಹಣ ನನ್ನ ಖಾತೆಗೆ ಬಂದ ದಿನ ನಾನೂ ನಕ್ಕೆ, ಅವರಿಗಿಂತ ಜೋರಾಗಿ.

ಆ ನಗು ಬಹಳ ದಿನ ಉಳಿಯಲಿಲ್ಲ. ಒಬ್ಬ ಮಹಾನುಭಾವರು ಪಾಕೀಟನ್ನು ಅರ್ಧ ಖಾಲಿ ಮಾಡಿ, ಸಿಹಿ ಹೆಚ್ಚಾಯಿತೆಂದು ವಾಪಸು ಕಳಿಸಿದರು. ಪಾರ್ಸೆಲ್ ತಂದವನು ಬಾಗಿಲು ಬಡಿದು ನಿದ್ದೆ ಕೆಡಿಸಿದನೆಂದು ಇನ್ನೊಬ್ಬರು ನಮಗೆ ಒಂದೇ ನಕ್ಷತ್ರ ಕೊಟ್ಟರು. ಯಾರೋ ನಮ್ಮ ಫೋಟೋವನ್ನೇ ಕದ್ದು ನಮಗಿಂತ ಅಗ್ಗವಾಗಿ ಮಾರತೊಡಗಿದರು. ಅದರಲ್ಲಿ ಅತ್ತೆಯ ಹಸಿರು ಬಳೆ ಎದ್ದು ಕಾಣುತ್ತಿತ್ತು. ಬಳೆಗೆ ಬಾಡಿಗೆ ಕೇಳು ಎಂದರು ಅತ್ತೆ. ದೂರು ಹೇಳಲು ಆ ಆನ್‌ಲೈನ್ ಮಾರಾಟದ ಕಂಪನಿಗೆ ಫೋನ್ ಮಾಡಿದರೆ, ನನ್ನ ಕರೆ ತಮಗೆ ಬಹಳ ಮುಖ್ಯವೆಂದು ರೆಕಾರ್ಡಾದ ದನಿಯೊಂದು ಹೇಳುತ್ತಿತ್ತು. ಅಷ್ಟು ಮುಖ್ಯವಾಗಿದ್ದರೆ ಎತ್ತಬಹುದಿತ್ತು.

ಇದನ್ನೆಲ್ಲ ನುಂಗಿಕೊಂಡೆ. ನುಂಗಲಾಗದ್ದು ದಂಡ. ಗೋದಾಮಿನ ಯಂತ್ರದಲ್ಲಿ ಪಾರ್ಸೆಲ್ ನಾವು ಹೇಳಿದ್ದಕ್ಕಿಂತ ಹೆಚ್ಚು ತೂಗಿದರೆ ಕಂಪನಿ ಹೆಚ್ಚಿನ ಸಾಗಣೆ ಕೂಲಿಯನ್ನು ನಮ್ಮ ಹಣದಲ್ಲೇ ಮುರಿದುಕೊಳ್ಳುತ್ತದೆ. ನಮ್ಮ ಪಾಕೀಟುಗಳು ಮತ್ತೆ ಮತ್ತೆ ಹೆಚ್ಚು ತೂಗಿದವು. ನಾನೇ ಕೈಯಾರೆ ತೂಗಿ ಕೊಡುತ್ತಿದ್ದೆ, ಅತ್ತೆ ಸೀಲ್ ಮಾಡುತ್ತಿದ್ದರು. ನಿಮ್ಮ ಯಂತ್ರವೇ ಕೆಟ್ಟಿದೆ ಎಂದು ಕಂಪನಿಗೆ ಖಾರವಾಗಿ ಬರೆದೆ. ಉತ್ತರವಾಗಿ ಒಂದು ಫೋಟೋ ಬಂತು. ತಕ್ಕಡಿಯ ಮೇಲೆ ನಮ್ಮ ಪಾಕೀಟು, ಹೋಳಿಗೆ ಊಟ ಮುಗಿಸಿದ ಹೊಟ್ಟೆಯ ಹಾಗೆ ಉಬ್ಬಿಕೊಂಡು ಕುಳಿತಿತ್ತು. ಇನ್ನೊಮ್ಮೆ ಹೀಗಾದರೆ ಅಂಗಡಿ ಬಂದ್ ಎಂಬ ಎಚ್ಚರಿಕೆಯೂ ಜೊತೆಗಿತ್ತು.

ಮೊಬೈಲನ್ನು ಅತ್ತೆಯ ಮುಂದೆ ಹಿಡಿದೆ. ಕಣ್ಣು ಕಿರಿದು ಮಾಡಿ ನೋಡಿ, ಪಾಕೀಟು ಚೆಂದ ಬಂದಿದೆ ಎಂದರು. ಕೊಸರು ಹಾಕಿದ್ದು ತಾವೇ ಎಂದು ಯಾವ ಅಳುಕೂ ಇಲ್ಲದೆ ಒಪ್ಪಿಕೊಂಡರು. ತೂಗಿದ ಮೇಲೆ ಮೇಲಿಂದ ಒಂದು ಹಿಡಿ ಹಾಕದೆ ಅವರು ಜನ್ಮದಲ್ಲಿ ಯಾರಿಗೂ ಏನನ್ನೂ ಮಾರಿದವರಲ್ಲ. ನಾನು ಚಹಾ ಇಡಲು ಒಳಗೆ ಹೋದಾಗಲೆಲ್ಲ ಆ ಹಿಡಿ ಪಾಕೀಟಿಗೆ ಬೀಳುತ್ತಿತ್ತು.

“ಬರೇ ತೂಗಿ ಕೊಟ್ರ ಯವಾರ ಮುಗೀತು,” ಎಂದರು. “ಮ್ಯಾಲ ಒಂದು ಹಿಡಿ ಹಾಕಿದ್ರ, ಮತ್ತ ಬರ್ರಿ ಅಂದಾಂಗ.”

ಯಂತ್ರಕ್ಕೆ ಅದೆಲ್ಲ ತಿಳಿಯುವುದಿಲ್ಲ ಎಂದೆ. ಹಾಗಾದರೆ ಯಂತ್ರದವನಿಗೂ ಒಂದು ಹಿಡಿ ಕಳಿಸೋಣ ಎಂದರು.

ಅತ್ತೆಯನ್ನು ಸೀಲ್ ಮಾಡುವ ಜಾಗದಿಂದ ಎಬ್ಬಿಸುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ. ಆದರೆ ಅಂಗಡಿ ಹೋದರೆ ನನ್ನದು ಎನ್ನುವುದೇ ಹೋದಂತೆ. ಅದಕ್ಕೇ ಒಂದು ಉಪಾಯ ಹೂಡಿದೆ. ಮರುದಿನ ಸೋತವಳ ಮುಖ ಮಾಡಿಕೊಂಡು, ನಿಮ್ಮ ಮನಸ್ಸಿನಂತೆ ಹಾಕಿರಿ ಎಂದೆ. ಆದರೆ ಅಂದಿನಿಂದ ತೂಗುವಾಗಲೇ ಒಂದು ಹಿಡಿ ಕಡಿಮೆ ತೂಗುತ್ತಿದ್ದೆ. ಅವರು ಒಂದು ಹಿಡಿ ಹಾಕುತ್ತಿದ್ದರು, ಪಾಕೀಟು ಅರ್ಧ ಕಿಲೋಕ್ಕೆ ಬಂದು ನಿಲ್ಲುತ್ತಿತ್ತು.

ದಂಡ ನಿಂತಿತು. ಅತ್ತೆಗೆ ತಾವು ಗೆದ್ದ ಖುಷಿ, ನನಗೆ ನಾನು ಗೆದ್ದ ಖುಷಿ. ಕಂಪನಿಯವರು ಕೊನೆಗೂ ದಾರಿಗೆ ಬಂದರೆಂದು ಅವರು ಐಗಳಿಯಲ್ಲಿರುವ ತಮ್ಮ ತಂಗಿಗೆ ಫೋನಿನಲ್ಲಿ ಹೇಳುತ್ತಿದ್ದರೆ, ನಾನು ಸೆರಗು ಬಾಯಿಗೆ ಒತ್ತಿಕೊಂಡು ನಗು ತಡೆಯುತ್ತಿದ್ದೆ.

ಗಿರಾಕಿಗಳು ಬರೆದದ್ದನ್ನು ಸಂಜೆ ಅತ್ತೆಗೆ ಓದಿ ಹೇಳುವುದು ನಮ್ಮಲ್ಲಿ ರೂಢಿ. ಒಂದು ಸಂಜೆ ಐದು ನಕ್ಷತ್ರ ಬಂದ ಸಡಗರದಲ್ಲಿ ಹಿಂದುಮುಂದು ನೋಡದೆ ಓದಿಬಿಟ್ಟೆ. ರುಚಿ ಚೆನ್ನಾಗಿದೆ, ಮನೆಯಲ್ಲಿ ತೂಗಿ ನೋಡಿದೆವು, ಅರ್ಧ ಕಿಲೋ ಎಂದರೆ ಸರಿಯಾಗಿ ಅರ್ಧ ಕಿಲೋ ಇದೆ ಎಂದು ಯಾರೋ ಬರೆದಿದ್ದರು.

ಒಣದ್ರಾಕ್ಷಿಯ ತೊಟ್ಟು ಮುರಿಯುತ್ತಿದ್ದ ಅತ್ತೆಯ ಕೈ ನಿಂತಿತು. ಸರಿಯಾಗಿ ಹೇಗಿರುತ್ತದೆ, ಹೆಚ್ಚಿರಬೇಕಲ್ಲ ಎಂದು ಕೇಳಿದರು. ಅವರು ಎದ್ದು, ನಾನು ತೂಗಿ ಇಟ್ಟಿದ್ದ, ಇನ್ನೂ ಸೀಲ್ ಆಗದ ಪಾಕೀಟೊಂದನ್ನು ತಕ್ಕಡಿಯ ಮೇಲಿಟ್ಟರು. ಅರ್ಧ ಕಿಲೋಕ್ಕೆ ಒಂದು ಹಿಡಿ ಕಡಿಮೆ ಇತ್ತು.

“ಅವರದ ಅವರಿಗೆ ಕೊಡಿಸಿ, ಕೊಸರು ಅನಿಸಿದಿ ನನ್ನ ಕಡಿಂದ,” ಎಂದರು.

ಕಂಪನಿಯವರು ಅಂಗಡಿ ಮುಚ್ಚಿಸಿಬಿಡುತ್ತಿದ್ದರು, ನನ್ನದು ಅಂತ ಇರುವುದು ಅದೊಂದೇ ಎಂದೆ. ಅತ್ತೆ ಬೈದಿದ್ದರೆ ನನಗೂ ಎದುರಾಡಲು ಅನುಕೂಲವಾಗುತ್ತಿತ್ತು. ಅವರು ಬೈಯಲಿಲ್ಲ.

“ಹಿಂಗ ಅಂತ ಅವತ್ತ ಹೇಳಬೇಕಿತ್ತವ್ವಾ. ಯಂತ್ರದ ಸಲುವಾಗಿ ಅಂದ್ರ ಬಿಡ್ತಿರಲಿಲ್ಲ. ನಿನ್ನ ಸಲುವಾಗಿ ಅಂದಿದ್ರ ಬಿಡ್ತಿದ್ದೆ.”

ಈಗ ನಾನು ಪೂರಾ ಅರ್ಧ ಕಿಲೋ ತೂಗಿ ಕೊಡುತ್ತೇನೆ, ಅವರು ಹಾಗೆಯೇ ಸೀಲ್ ಮಾಡುತ್ತಾರೆ. ಅಂಗಡಿ ಉಳಿದಿದೆ, ಸಂತೋಷವಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಸೀಲ್ ಮಾಡುವ ಮುಂಚೆ ಅವರ ಬಲಗೈ ತಾನಾಗಿ ಬುಟ್ಟಿಯತ್ತ ಹೋಗುತ್ತದೆ. ದ್ರಾಕ್ಷಿಯನ್ನು ಮುಟ್ಟಿ, ಬರಿದಾಗಿಯೇ ಹಿಂದಕ್ಕೆ ಬರುತ್ತದೆ. ನಾನು ನೋಡದವಳಂತೆ ಮುಂದಿನ ಪಾಕೀಟು ತೂಗುತ್ತೇನೆ.