ಪೆಟ್ರೋಲ್ ಕ್ಯಾನಿಗೊಂದು ಗಾಳಿತೂತು

ದೊಮ್ಮಲೂರಿನಲ್ಲಿ ಫ್ಲೈಓವರ್ ಕಟ್ಟುತ್ತಿದ್ದ ಕಾಲದಲ್ಲಿ ಮಧ್ಯಾಹ್ನ ಹೋದ ಕರೆಂಟು ಎಷ್ಟೋ ದಿನ ಸಂಜೆಗೇ ಬರುತ್ತಿತ್ತು. ಬೇರೆಯವರಿಗೆ ಅದು ಸೆಕೆಯ ಕಷ್ಟ, ನಮ್ಮ ಮನೆಯಲ್ಲಿ ಉಸಿರಿನ ಪ್ರಶ್ನೆ. ನನ್ನ ಯಜಮಾನರ ಶ್ವಾಸಕೋಶ ಕೆಟ್ಟಿತ್ತು. ಮಂಚದ ಪಕ್ಕದ ಆಕ್ಸಿಜನ್ ಯಂತ್ರ ನಿಂತರೆ ತುಟಿ ನೀಲಿಗಟ್ಟುತ್ತಿತ್ತು. ಅದಕ್ಕೆಂದೇ ಅಂಗಳದ ಮೂಲೆಯಲ್ಲಿ ಒಂದು ಪುಟ್ಟ ಜನರೇಟರ್ ಇಟ್ಟಿದ್ದೆವು. ಅದರ ಹೊಟ್ಟೆಯೂ ಪುಟ್ಟದೇ. ಕರೆಂಟು ಬರುವ ಮೊದಲೇ ಪೆಟ್ರೋಲು ಮುಗಿದು ನಿಲ್ಲುತ್ತಿತ್ತು.

ನಿಂತ ಕೂಡಲೇ ನಾನು ಓಡಿಹೋಗಿ ಪೆಟ್ರೋಲು ಸುರಿದು, ಹಗ್ಗ ಎಳೆದು, ಮತ್ತೆ ಚಾಲೂ ಮಾಡಬೇಕು. ಇದ್ದದ್ದು ಹತ್ತು ಲೀಟರಿನ ಹಳೇ ಕ್ಯಾನು. ಎತ್ತಿ ಬಗ್ಗಿಸಿದರೆ ಮೊದಲು ಏನೂ ಬೀಳದು, ಆಮೇಲೆ ಗುಳುಕ್ ಗುಳುಕ್ ಎಂದು ಉಗುಳುವುದು. ಅರ್ಧ ಟ್ಯಾಂಕಿಗೆ, ಅರ್ಧ ನನ್ನ ಸೀರೆಗೆ. ಒಮ್ಮೆ ಬಿಸಿ ಸೈಲೆನ್ಸರ್ ಮೇಲೆ ಚೆಲ್ಲಿ ಹೊಗೆ ಎದ್ದಾಗ ಜೀವ ಬಾಯಿಗೆ ಬಂದಿತ್ತು. ಒಳಗೆ ಅವರು ಉಸಿರಿಗೆ ಒದ್ದಾಡುತ್ತಿದ್ದರೆ ಹೊರಗೆ ನಾನು ಹಾಳು ಪ್ಲಾಸ್ಟಿಕ್ ಡಬ್ಬವೊಂದನ್ನು ಹಿಡಿದು, ಹಲ್ಲು ಕಚ್ಚಿಕೊಂಡು ಅಳುತ್ತಿದ್ದೆ.

ಒಂದು ದಿನ ನಾದಿನಿಯನ್ನು ಅವರ ಬಳಿ ಕೂರಿಸಿ ಶಿವಾಜಿನಗರಕ್ಕೆ ಹೋದೆ. ರಸೆಲ್ ಮಾರುಕಟ್ಟೆಯ ಹತ್ತಿರದ ಗಲ್ಲಿಯೊಂದರಲ್ಲಿ ಕ್ಯಾನುಗಳನ್ನು ರಾಶಿ ಹಾಕಿ ಮಾರುತ್ತಿದ್ದರು. ಒಂದೊಂದಕ್ಕೂ ನೀರು ತುಂಬಿಸಿ, ಚರಂಡಿಗೆ ಬಗ್ಗಿಸಿ ನೋಡಿದೆ.

"ಏನಮ್ಮಾ, ಕ್ಯಾನ್ ತಗೊಳ್ತೀರಾ, ಇಲ್ಲಾ ನಮ್ ಗಲ್ಲಿ ತೊಳೀತೀರಾ?" ಅಂದ ಅಂಗಡಿಯವನು.

"ಇದ್ರಲ್ಲಿ ಬೇಗ ಸುರಿಯಕ್ಕಾಗ್ದಿದ್ರೆ ನಮ್ ಯಜಮಾನ್ರು ಉಳಿಯಲ್ಲ ಕಣಪ್ಪಾ," ಅಂದೆ. ಅವನು ಇನ್ನೊಂದು ಬಿಂದಿಗೆ ನೀರು ತಂದಿಟ್ಟ.

ಕೊನೆಗೆ ಒಂದೇ ಕೈಯಲ್ಲಿ ಎತ್ತಬಹುದಾದ, ಚಪ್ಪಟೆ ಹೊಟ್ಟೆಯ ಹೊಸ ಕ್ಯಾನು ಆರಿಸಿದೆ. ಎಣ್ಣೆ ಡಬ್ಬಕ್ಕೆ ಎದುರುಬದುರು ಎರಡು ತೂತು ಹೊಡೆಯುತ್ತೇವಲ್ಲ, ಅದೇ ಉಪಾಯ. ಇನ್ನೂ ಪೆಟ್ರೋಲು ಕಾಣದ ಆ ಕ್ಯಾನಿನ ಹಿಡಿಯ ಹಿಂದೆ ಕಾದ ಮೊಳೆಯಿಂದ ಗಾಳಿಗೊಂದು ತೂತು ಮಾಡಿ, ಅದನ್ನು ಮುಚ್ಚಲು ರಬ್ಬರ್ ವಾಷರ್ ಹಾಕಿದ ಸ್ಕ್ರೂ ಸಿಕ್ಕಿಸಿದೆ. ಮುಚ್ಚಳಕ್ಕೆ ಗೇಣುದ್ದದ ಪೈಪು ತೂರಿಸಿದೆ. ನೀರು ತುಂಬಿ, ಸ್ಕ್ರೂ ಬಿಚ್ಚಿ ಬಗ್ಗಿಸಿದರೆ ಸದ್ದಿಲ್ಲದೆ ಒಂದೇ ಧಾರೆಯಾಗಿ ಇಳಿಯಿತು, ಒಂದು ಹನಿ ಆಚೆ ಬೀಳಲಿಲ್ಲ. ಅವತ್ತು ಎಷ್ಟೋ ದಿನಗಳ ಮೇಲೆ ಹೊಟ್ಟೆ ತುಂಬ ಉಂಡೆ.

ಮುಂದಿನ ವಾರ ಕರೆಂಟು ಹೋಯಿತು. ಇದ್ದ ಪೆಟ್ರೋಲು ಮುಗಿಸಿ ಜನರೇಟರ್ ನಿಂತಿತು. ಹೊಸ ಕ್ಯಾನು ಬಗ್ಗಿಸಿದೆ, ಸರಾಗವಾಗಿ ಇಳಿಯುತ್ತಿತ್ತು. ಅಷ್ಟರಲ್ಲಿ ಒಳಗಿನಿಂದ ದಢ್ ಎಂದು ಸದ್ದು. ಓಡಿಹೋಗಿ ನೋಡಿದರೆ ಅವರು ಮಂಚದಿಂದ ಬಿದ್ದು ಬಾಗಿಲ ಕಡೆಗೆ ತೆವಳುತ್ತಿದ್ದರು. ಅವರನ್ನು ಹಿಡಿದುಕೊಳ್ಳಲೋ, ಜನರೇಟರಿಗೆ ಓಡಲೋ ತಿಳಿಯಲಿಲ್ಲ. ಗೋಡೆಗೆ ಒರಗಿಸಿ, ಹೊರಗೆ ಬಂದು ಹುಚ್ಚಿಯಂತೆ ಹಗ್ಗ ಎಳೆದೆ. ಯಂತ್ರ ಮತ್ತೆ ನಡೆದು, ಉಸಿರು ಒಂದು ಹದಕ್ಕೆ ಬಂದ ಮೇಲೆ ಅವರು ಬಾಯಿ ಬಿಟ್ಟರು.

"ಗುಳುಕ್ ಗುಳುಕ್ ಅಂತ ಕೇಳ್ತಿತ್ತಲ್ಲ, ಅದನ್ ಕೇಳ್ಕೊಂಡೇ ತಡ್ಕೊಂಡಿರ್ತಿದ್ದೆ ಕಣೇ. ಇವತ್ತು ಏನೂ ಕೇಳ್ಲಿಲ್ಲ. ನೀನು ಬಿಟ್ಟು ಹೋಗ್ಬಿಟ್ಟೆ ಅಂದ್ಕೊಂಡೆ."

ನನಗೆ ಮೈಯೆಲ್ಲ ಉರಿಯಿತು. "ಎಲ್ಲಿಗ್ರೀ ಹೋಗ್ಲಿ ನಿಮ್ಮನ್ ಬಿಟ್ಟು?" ಎಂದು ಕೂಗಿ, ಪೆಟ್ರೋಲು ನಾತದ ಕೈಯಲ್ಲೇ ಅವರ ತಲೆ ತಬ್ಬಿಕೊಂಡು ಅತ್ತೆ.

ಅಂದಿನಿಂದ ಆ ಕ್ಯಾನು ಬಗ್ಗಿಸಿದಾಗಲೆಲ್ಲ ಬೀದಿಗೇ ಕೇಳುವಂತೆ, "ಇಲ್ಲೇ ಇದೀನ್ರೀ, ಹಾಕ್ತಾ ಇದೀನ್ರೀ!" ಎಂದು ಕೂಗುತ್ತಿದ್ದೆ. ಟ್ಯಾಂಕು ತುಂಬುವವರೆಗೂ ನಿಲ್ಲಿಸುತ್ತಿರಲಿಲ್ಲ.