ಅಜ್ಜನಿಗೆ ಬಂದ ಗುಟ್ಟು

ನಾನು ಮಗಳನ್ನು ಬೈಯುವಾಗ ಯಾರಾದರೂ ನಡುವೆ ಬಾಯಿ ಹಾಕಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಆ ಗುಜರಾತಿ ಆಟೋ ಕಾಕಾ ನಮ್ಮ ಸ್ಯಾಟಲೈಟ್ ಬಡಾವಣೆ ಬಿಟ್ಟಾಗಿನಿಂದ ಮೂರನೇ ಸಲ ಹಿಂದೆ ತಿರುಗಿದರು.

"ಕಾಕಾ, ರಸ್ತೆ ಮುಂದಿದೆ," ಎಂದೆ ಹಿಂದಿಯಲ್ಲಿ.

"ಬೆನ್," ಎಂದರು, ಗುಜರಾತಿಯಲ್ಲಿ ಅಕ್ಕಾ ಅಂದಹಾಗೆ, "ನೀವು ಬೈತಿರೋದು ಕನ್ನಡದಲ್ಲಿ ತಾನೇ?"

ಹೌದೆಂದ ಕೂಡಲೇ ಆಟೋ ಪಕ್ಕಕ್ಕೆ ನಿಲ್ಲಿಸಿ ಮೊಬೈಲನ್ನು ನನ್ನ ಕೈಗಿಟ್ಟರು. ಅವರ ಮಗಳನ್ನು ದಾವಣಗೆರೆಗೆ ಕೊಟ್ಟಿದ್ದಾರಂತೆ. ಮೊಮ್ಮಗಳಿಗೆ ಕನ್ನಡ ಬಿಟ್ಟು ಬೇರೆ ಮಾತು ಬರುವುದಿಲ್ಲ. ಅವಳು ಕಳಿಸಿದ ವಾಯ್ಸ್ ಮೆಸೇಜನ್ನು ಎಂಟು ದಿನದಿಂದ ಅರ್ಥವಾಗದೆ ಕೇಳುತ್ತಲೇ ಇದ್ದಾರೆ.

"ನಿಮ್ಮ ಮಗಳನ್ನೇ ಕೇಳಬಹುದಿತ್ತಲ್ಲ?"

"ಪಿಸುದನಿಯಲ್ಲಿ ಹೇಳಿದ್ದಾಳೆ, ಬೆನ್. ಗುಟ್ಟೇ ಇರಬೇಕು. ಅವಳಮ್ಮನಿಗೆ ಹೇಗೆ ಕೇಳಿಸಲಿ?"

ನಾನು ಫೋನನ್ನು ಕಿವಿಗಿಟ್ಟುಕೊಂಡೆ. "ಅಜ್ಜಾ, ಮಂಚದ ಕೆಳಗೆ ಬೆಕ್ಕಿನ ಮರಿ ಬಚ್ಚಿಟ್ಟೀನಿ. ಅದಕ್ಕೆ ನಿನ್ನ ಹೆಸರೇ ಇಟ್ಟೀನಿ. ಅಮ್ಮಂಗೆ ಹೇಳಬ್ಯಾಡ."

ಅದನ್ನು ಹಿಂದಿಯಲ್ಲಿ ಹೇಳಿದೆ. ಕಾಕಾ ನಗುತ್ತ ನಗುತ್ತಲೇ ಕರ್ಚೀಫು ತೆಗೆದು ಕಣ್ಣೊರೆಸಿಕೊಂಡರು. ಮರಿ ಯಾವ ಬಣ್ಣದ್ದು, ಹಾಲು ಯಾರು ಕೊಡುತ್ತಾರೆ ಎಂದು ನನ್ನ ಮಗಳು ಗುಜರಾತಿಯಲ್ಲಿ ಶುರುಮಾಡಿದಳು. ಕನ್ನಡದಲ್ಲಿ ಎಷ್ಟು ಬೈದರೂ ಅವಳ ಉತ್ತರ ಗುಜರಾತಿಯಲ್ಲೇ. ಊರಿನಲ್ಲಿರುವ ನನ್ನ ಅಮ್ಮ ಒಂದಕ್ಷರ ಅರ್ಥವಾಗದಿದ್ದರೂ ಫೋನಿನಲ್ಲಿ ಅದಕ್ಕೆಲ್ಲ ಹೂಂ, ಹೂಂ ಎನ್ನುತ್ತಾಳೆ. ಉಳಿದ ದಾರಿಯುದ್ದಕ್ಕೂ ಇದನ್ನೇ ಕಾಕಾನ ಹತ್ತಿರ ದೂರಿದೆ.

ಇಳಿಯುವಾಗ ಅವರು ಒಂದು ಮಾತು ಕೇಳಿದರು.

"ಬೆನ್, ಇವಳೂ ಅಜ್ಜಿಗೊಂದು ಗುಟ್ಟು ಹೇಳಿದರೆ, ಅದನ್ನು ಅವರಿಗೆ ಯಾರು ತಿಳಿಸುತ್ತಾರೆ?"